ಟ್ರಿಪ್ ಆದ ಬ್ರೇಕರ್ ಒತ್ತುವ ಚಟ

ವಿಮಾನದ ಲಾಗ್‌ಬುಕ್‌ಗಳಲ್ಲಿ ನನ್ನ ಮೈ ಉರಿಸುವ ಸಾಲು ಒಂದಿದೆ: 'ಬ್ರೇಕರ್ ಟ್ರಿಪ್ ಆಗಿತ್ತು. ರೀಸೆಟ್ ಮಾಡಿದೆ. ಸರಿಯಿದೆ.' ಏನು ಸರಿಯಿದೆ? ಬ್ರೇಕರ್ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗೇ ಅದನ್ನು ಕಡಿಯುವ ಸ್ವಿಚ್. ಅದರ ಗುಂಡಿ ಹೊರಗೆ ಬಂದಿತ್ತು, ಅಂದರೆ ಟ್ರಿಪ್ ಆಗಿತ್ತು; ಒಳಗೆ ತಳ್ಳಿದರು, ಅಷ್ಟೇ. ಯಾಕೆ ಬಂತು ಅಂತ ಯಾರೂ ನೋಡಿಲ್ಲ.

ಕೇಳಿದರೆ ಸಿಗುವ ಉತ್ತರವೂ ಒಂದೇ. 'ತೊಂದರೆ ಇದ್ದಿದ್ದರೆ ಮತ್ತೆ ಟ್ರಿಪ್ ಆಗ್ತಿತ್ತಲ್ವಾ ಸರ್?' ಆಗಲೇಬೇಕು ಅಂತೇನಿಲ್ಲ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹತ್ತುವುದಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಮಾಮೂಲಿ ಥರ್ಮಲ್ ಬ್ರೇಕರ್‌ಗೆ ಗೊತ್ತಾಗುವುದು ಬಿಸಿ ಮಾತ್ರ. ಮಿತಿಗಿಂತ ಜಾಸ್ತಿ ಕರೆಂಟ್ ಒಂದಷ್ಟು ಹೊತ್ತು ಹರಿದರೆ ಒಳಗಿನ ಲೋಹದ ಪಟ್ಟಿ ಕಾದು ಬಾಗುತ್ತದೆ, ಗುಂಡಿ ಹೊರಗೆ ಹಾರುತ್ತದೆ. ಆದರೆ ವೈರಿನ ಇನ್ಸುಲೇಷನ್ ಸವೆದು, ತಾಮ್ರ ಪಕ್ಕದ ಲೋಹಕ್ಕೆ ಆಗಾಗ ತಾಗಿ ಕಿಡಿ ಹಾರಿದರೆ? ಒಂದೊಂದು ಕಿಡಿಯೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಪಟ್ಟಿ ಕಾಯುವಷ್ಟು ಪುರುಸೊತ್ತೇ ಸಿಗುವುದಿಲ್ಲ. ಕಿಡಿ ಬಿದ್ದ ಜಾಗದಲ್ಲಿ ಮಾತ್ರ ವೆಲ್ಡಿಂಗ್ ಮಾಡುವಷ್ಟು ಬಿಸಿ. ಬ್ರೇಕರ್ ಸುಮ್ನೆ ಕೂತಿರುತ್ತದೆ. ಪಾಪ, ಅದರ ತಪ್ಪೂ ಅಲ್ಲ.

ಒಮ್ಮೆ ಇಂಥದ್ದೇ 'ಸರಿಯಿದ್ದ' ವಿಮಾನದ ಪ್ಯಾನೆಲ್ ಬಿಚ್ಚಿಸಿದೆ. ಕ್ಲ್ಯಾಂಪ್ ಸಡಿಲವಾಗಿ, ಜೋತುಬಿದ್ದ ವೈರಿನ ಕಟ್ಟು ಸ್ಕ್ರೂ ತುದಿಗೆ ಉಜ್ಜುತ್ತಿತ್ತು. ತಾಮ್ರದ ಎಳೆಗಳು ಕರಗಿ ಸಣ್ಣ ಮಣಿಯಾಗಿದ್ದವು, ಸುತ್ತ ಮಸಿ. ಮೆಕ್ಯಾನಿಕ್ ಹುಡುಗ ಒಳ್ಳೆ ಕೆಲಸಗಾರ. ಮಾತಾಡದೆ ಟಾರ್ಚ್ ಹಿಡಿದು ಇಡೀ ಕಟ್ಟನ್ನು ಕೊನೆಯವರೆಗೂ ತಡವಿ ನೋಡಿದ.

2007ರ ಜುಲೈನಲ್ಲಿ ಅಮೆರಿಕದ ಸೆಸ್ನಾ 310 ಎಂಬ ಒಂದು ಸಣ್ಣ ವಿಮಾನದ ಪೈಲಟ್‌ಗೆ ಸುಟ್ಟ ವಾಸನೆ ಬಂತು. ರೇಡಾರ್‌ನ ಬ್ರೇಕರ್ ಎಳೆದು ಅದರ ಕರೆಂಟ್ ಕಡಿದರು, ವಾಸನೆ ನಿಂತಿತು, ಅದನ್ನು ಬರೆದೂ ಇಟ್ಟರು. ಯಾರೂ ರಿಪೇರಿ ಮಾಡಲಿಲ್ಲ. ಮಾರನೇ ದಿನ ಅದೇ ವಿಮಾನ ಬೇರೆ ಪೈಲಟ್‌ಗಳೊಂದಿಗೆ ಹೊರಟಿತು. ಆ ಬ್ರೇಕರನ್ನು ಮತ್ತೆ ಒಳಗೆ ತಳ್ಳಿರಬೇಕು ಎನ್ನುವುದು ತನಿಖೆಯ ಅಂದಾಜು. ಹೊಗೆ ತುಂಬಿದ ವಿಮಾನ ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ ಮನೆಗಳ ಮೇಲೆ ಬಿತ್ತು. ಒಳಗಿದ್ದ ಇಬ್ಬರ ಜೊತೆ ನೆಲದ ಮೇಲಿದ್ದ ಮೂವರೂ ಸತ್ತರು.

ಸಣ್ಣ ವಿಮಾನದ ಕತೆ ಬಿಡಿ ಅನ್ನುವವರು 1998ರ ಸ್ವಿಸ್‌ಏರ್ 111 ನೆನಪು ಮಾಡಿಕೊಳ್ಳಲಿ. ಎಂಡಿ-11 ಎಂಬ ದೊಡ್ಡ ಪ್ರಯಾಣಿಕ ವಿಮಾನ, ಹಾರಾಟದಲ್ಲೇ ಬೆಂಕಿ, 229 ಸಾವು. ಎಲ್ಲ ಬಗೆಯ ಆರ್ಕಿಂಗನ್ನು, ಅಂದರೆ ವೈರಿನಲ್ಲಿ ಕಿಡಿ ಹಾರುವುದನ್ನು, ಹಿಡಿಯುವ ಶಕ್ತಿ ಅದರ ಬ್ರೇಕರ್‌ಗಳಿಗೆ ಇರಲಿಲ್ಲ ಎಂದು ಕೆನಡಾದ ತನಿಖೆ ಹೇಳಿತು. ಬೆಂಕಿಯನ್ನು ಹರಡಿಸಿದ್ದು ವಿಮಾನದ ಒಳಮೈಗೆ ಹಾಕುವ, ಶಾಖ-ಶಬ್ದ ತಡೆಯುವ ಇನ್ಸುಲೇಷನ್ ಹೊದಿಕೆ (ವೈರಿನದ್ದಲ್ಲ); ಅದು ಆಗಿನ ಬೆಂಕಿ ಪರೀಕ್ಷೆಯಲ್ಲಿ ಪಾಸಾಗಿದ್ದೇ! ಅದಕ್ಕೇ ಡಿಸೈನ್ ಮಾಡುವವರಿಗೆ ನಾನು ಹೇಳುವುದು: ಕಿಡಿ ಹಾರಿಯೇ ಹಾರುತ್ತದೆ ಅಂದುಕೊಂಡೇ ಶುರು ಮಾಡಿ. ಆಮೇಲೆ ಅದರ ಪಕ್ಕ ಏನಿದೆ ಅಂತ ನೋಡಿ.

ಕಿಡಿಯನ್ನೇ ಗುರುತಿಸುವ ಆರ್ಕ್ ಫಾಲ್ಟ್ ಬ್ರೇಕರ್‌ಗಳು ಈಗ ಇವೆ. ಎಲ್ಲ ವಿಮಾನದಲ್ಲೂ ಇಲ್ಲ.

ಹಾರಾಟದಲ್ಲಿ ಯಾವತ್ತೂ ರೀಸೆಟ್ ಮಾಡಲೇಬಾರದಾ? ಸುರಕ್ಷಿತವಾಗಿ ಇಳಿಯಲು ಬೇಕೇಬೇಕಾದ ವ್ಯವಸ್ಥೆಯಾದರೆ, ಚೆಕ್‌ಲಿಸ್ಟ್‌ನಲ್ಲಿ ಹಾಗೆ ಇದ್ದರೆ, ಮಾತು ಬೇರೆ. ನಿಮ್ಮ ವಿಮಾನದ ಕೈಪಿಡಿ ಹೇಳಿದ್ದೇ ಕೊನೆ, ನನ್ನ ಅಂಕಣ ಅಲ್ಲ. ಕಾಫಿ ಮೇಕರ್‌ಗೋಸ್ಕರ ಮಾತ್ರ ಖಂಡಿತ ಬೇಡ. ಲಾಗ್‌ನಲ್ಲಿ ಯಾವ ಬ್ರೇಕರ್, ಆಗ ಏನೇನು ಆನ್ ಇತ್ತು, ವಾಸನೆ ಬಂತಾ, ಎಲ್ಲಿಂದ ಬಂತು, ಇಷ್ಟು ಬರೆಯಿರಿ. 'ಸರಿಯಿದೆ' ಅನ್ನುವುದನ್ನು ಪ್ಯಾನೆಲ್ ಬಿಚ್ಚಿ ನೋಡಿದವರು ಬರೆಯಲಿ.