ಜಾಗತೀಕರಣ: ಕೊಡಗಿನ ಗೋಣಿಕೊಪ್ಪದ ಕಾಫಿ ರೇಟಿನಿಂದ ಶುರು ಮಾಡೋಣ

ಸರಕು, ಹಣ, ಜನ, ವಿಚಾರ ಗಡಿ ದಾಟಿ ಓಡಾಡುವುದೇ ಜಾಗತೀಕರಣ ಅನ್ನುವ ವ್ಯಾಖ್ಯೆ ನಿಮಗೆ ಬಾಯಿಪಾಠ ಇರುತ್ತದೆ. 1991ರ ಆರ್ಥಿಕ ಸುಧಾರಣೆಗಳ ಪಟ್ಟಿಯೂ ಅಷ್ಟೇ. ಅದನ್ನು ಬಿಟ್ಟು ನೇರ ತೊಡಕಿಗೆ ಬರುತ್ತೇನೆ.

ಕೊಡಗಿನ ಕಾಫಿ ಬ್ರಿಟಿಷರ ಕಾಲದಿಂದಲೇ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಹಾಗಾದರೆ 1990ರ ದಶಕದಲ್ಲಿ ಹೊಸದಾಗಿ ಆದದ್ದೇನು? ವ್ಯಾಪಾರ ಮೊದಲೂ ಇತ್ತು ಅಲ್ವಾ?

ನಡುವೆ ಇದ್ದ ಎರಡು ತಡೆ ಬಿದ್ದವು. ಒಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಅದು ಕೋಟಾ ಹಾಕಿ, ಬೆಲೆ ಪೂರ್ತಿ ಕುಸಿಯದಂತೆ ನೋಡಿಕೊಳ್ಳುತ್ತಿತ್ತು. ಆ ಕೋಟಾ 1989ರ ಜುಲೈನಲ್ಲಿ ನಿಂತುಹೋಯಿತು. ಇನ್ನೊಂದು, ಕಾಫಿ ಬೋರ್ಡಿನ ಪೂಲ್. 1942ರ ಕಾಯ್ದೆಯಂತೆ ಬೆಳೆಗಾರ ಕಾಫಿಯನ್ನು ಪೂಲ್‌ಗೆ ಹಾಕಬೇಕಿತ್ತು. ಬೋರ್ಡ್ ಮಾರಿ, ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. 1992ರಿಂದ ಇದು ಸ್ವಲ್ಪಸ್ವಲ್ಪವಾಗಿ ಸಡಿಲವಾಗಿ, 1996ಕ್ಕೆ ಎಲ್ಲ ಬೆಳೆಗಾರರೂ ಪೂರ್ತಿ ಮುಕ್ತರಾದರು.

ಆಮೇಲೆ ಲೋಕದ ಬೆಲೆ ನೇರವಾಗಿ ಕಣಕ್ಕೇ ಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟವು, ಇಲ್ಲಿ ರೇಟು ಏರಿತು. ಆ ದಶಕದ ಕೊನೆಗೆ ವಿಯೆಟ್ನಾಂ ರೋಬಸ್ಟಾ (ಅರೇಬಿಕಾ, ರೋಬಸ್ಟಾ ಕಾಫಿಯ ಎರಡು ಮುಖ್ಯ ಜಾತಿ) ಬೆಳೆದು ಬೆಳೆದು ಲೋಕದ ಕಾಫಿ ಉತ್ಪಾದನೆಯಲ್ಲಿ ಎರಡನೇ ಸ್ಥಾನದ ಹತ್ತಿರ ಬಂತು. 2001–02ರಲ್ಲಿ ಬೆಲೆ ನೆಲ ಕಚ್ಚಿತು. ಲಾಭ, ನಷ್ಟ ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದವು.

ಲಂಡನ್ ಬೆಲೆ ನಮ್ಮ ಚೀಲಕ್ಕೆ ಬರುವ ದಾರಿ

ಇದನ್ನು ಕೈಯಾರೆ ಲೆಕ್ಕ ಹಾಕಿ ನೋಡದಿದ್ದರೆ ಮೇಲಿನದ್ದೆಲ್ಲ ಬರೀ ಮಾತಾಗಿ ಉಳಿಯುತ್ತದೆ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಅರೇಬಿಕಾ ಬೆಲೆಗೆ ನ್ಯೂಯಾರ್ಕ್‌ನ ಸರಕು ವಿನಿಮಯ ಕೇಂದ್ರ ನೋಡಬೇಕು, ರೋಬಸ್ಟಾಗೆ ಲಂಡನ್‌ನದ್ದು. ಲಂಡನ್ ಹೇಳುವುದು ಒಂದು ಟನ್ ಕಾಫಿ ಬೀಜಕ್ಕೆ ಎಷ್ಟು ಡಾಲರ್ ಅಂತ. ನಾವು ಮಾರುವುದು 50 ಕಿಲೋ ಚೀಲದ ಒಣ ಚೆರ್ರಿ. ಸಿಪ್ಪೆ ಇನ್ನೂ ಮೇಲೆಯೇ ಇರುತ್ತದೆ.

ಟನ್ನಿಗೆ 4,000 ಡಾಲರ್ ಅಂದುಕೊಳ್ಳಿ. ಕಿಲೋಗೆ 4 ಡಾಲರ್. ಡಾಲರಿಗೆ 85 ರೂಪಾಯಿ ಇದ್ದರೆ 340 ರೂಪಾಯಿ. ಇದು ಬೀಜದ ಬೆಲೆ, ಚೆರ್ರಿಯದ್ದಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಿ. 340ನ್ನು 50ರಿಂದ ಗುಣಿಸಿದರೆ ಉತ್ತರ ಪೂರ್ತಿ ತಪ್ಪುತ್ತದೆ. ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ವ್ಯಾಪಾರಿಗಳ ಬಾಯಲ್ಲಿ ಓಟಿ. ಓಟಿ 26 ಬಂದರೆ 26 × 340, ಅಂದರೆ 8,840 ರೂಪಾಯಿ. 28 ಬಂದರೆ 9,520. ಸಂಸ್ಕರಣೆ, ಸಾಗಣೆ, ರಫ್ತುದಾರನ ಪಾಲು ಕಳೆದ ಮೇಲೆ ಕೈಗೆ ಸಿಗುವುದು ಇದಕ್ಕಿಂತ ಕಡಿಮೆ.

ಈಗ ಲಂಡನ್ ಬೆಲೆ ಹಾಗೇ ಇರಲಿ. ಡಾಲರ್ ಮಾತ್ರ 88 ರೂಪಾಯಿ ಆಗಲಿ. ಕಿಲೋಗೆ 352, ಓಟಿ 26ರ ಚೀಲಕ್ಕೆ 9,152. ತೋಟದಲ್ಲಿ ಒಂದು ಕಾಯಿ ಜಾಸ್ತಿ ಬಿಟ್ಟಿಲ್ಲ, ಚೀಲಕ್ಕೆ 312 ರೂಪಾಯಿ ಏರಿತು! ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಆಮದು. ಅದೇ ಡಾಲರ್ ಗೊಬ್ಬರದ ಖರ್ಚನ್ನೂ ಏರಿಸುತ್ತದೆ. ಪರೀಕ್ಷೆಯಲ್ಲಿ 'ಪರಸ್ಪರ ಅವಲಂಬನೆ' ಅಂತ ಬರೆಯುವಾಗ ಈ ಲೆಕ್ಕ ತಲೆಯಲ್ಲಿರಲಿ.

ನನ್ನ ಮೂರು ಪ್ರಶ್ನೆ

ಯಾವ ಉದಾಹರಣೆ ಕೊಟ್ಟರೂ ನಾನು ಇದನ್ನೇ ಕೇಳುತ್ತೇನೆ. ಯಾವ ತಡೆ ಬಿತ್ತು? ಯಾವ ನಿರ್ಧಾರ ಊರಿನ ಕೈತಪ್ಪಿತು? ಊರಿನವರು ತಿರುಗಿ ಏನು ಮಾಡಿದರು?

ಕರಿಮೆಣಸಿಗೆ ಹಾಕಿ ನೋಡಿ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಯಾಯಿತು. ಹೊರಗಿನ ಅಗ್ಗದ ಮೆಣಸಿನ ಎದುರು ಇಲ್ಲಿನ ಬೆಲೆ ತತ್ತರಿಸಿತು. ಬೆಳೆಗಾರರು ಒತ್ತಾಯ ಮಾಡುತ್ತಲೇ ಇದ್ದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರದಂತೆ ಮಾಡಿತು.

ಸಂಸ್ಕೃತಿಯಲ್ಲಿ ಮೂರನೆಯ ಪ್ರಶ್ನೆಯೇ ಮುಖ್ಯ. ಸಮಾಜಶಾಸ್ತ್ರಜ್ಞ ರೋಲಂಡ್ ರಾಬರ್ಟ್‌ಸನ್ ಹೇಳುವ 'ಗ್ಲೋಕಲೈಸೇಶನ್' ಇದೇ: ಹೊರಗಿನದ್ದು ಬರುತ್ತದೆ, ಊರು ಅದನ್ನು ತನ್ನ ಅಳತೆಗೆ ಹೊಲಿದುಕೊಳ್ಳುತ್ತದೆ. ಕೊಡವ ಕೌಟುಂಬಿಕ ಹಾಕಿಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಆಟ ಬ್ರಿಟಿಷರದ್ದು. ಆದರೆ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡಗಿನ ಕರಡ ಊರಿನಲ್ಲಿ ಶುರು ಮಾಡಿದ ಈ ಟೂರ್ನಿಯಲ್ಲಿ ತಂಡ ಅಂದರೆ ಒಕ್ಕ. ಒಂದೇ ಮನೆತನದ ಗಂಡಸರು, ಹೆಂಗಸರು ಒಟ್ಟಿಗೆ ಆಡುತ್ತಾರೆ. ಬೆಂಗಳೂರಿಗೋ ಹೊರದೇಶಕ್ಕೋ ಹೋದವರು ಇದಕ್ಕಾಗಿ ಊರಿಗೆ ಬರುತ್ತಾರೆ. ಚದುರಿದ ಒಕ್ಕವನ್ನು ಹೊರಗಿನ ಆಟವೊಂದು ಮತ್ತೆ ಸೇರಿಸಿದೆ.

ಎಲ್ಲ ಕಡೆ ಹೀಗೇ ಆಗಿಲ್ಲ. ಕೊಡವರ ಭಾಷೆ ಕೊಡವ ತಕ್ಕ್ ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. ಅದಕ್ಕೆ ಜಾಗತೀಕರಣವೊಂದೇ ಕಾರಣ ಅಂತ ಬರೆಯಬೇಡಿ. ಮಾತಾಡುವವರೇ ಕಡಿಮೆ, ಶಾಲೆಯ ಭಾಷೆ ಬೇರೆ, ಕೆಲಸ ಬೇರೆ ಊರಲ್ಲಿ.

ಕೊನೆಗೆ ಒಂದು ಹೊಸ ವಿಷಯ, ಪ್ರಶ್ನೆಪತ್ರಿಕೆಯಲ್ಲಿ ಬರಬಹುದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುವ ನಿಯಮವನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿತು. ತೋಟ ಎಲ್ಲಿದೆ ಎಂಬುದರ ಅಕ್ಷಾಂಶ, ರೇಖಾಂಶ ಕೊಡಬೇಕು. ಮರದ ನೆರಳಲ್ಲೇ ಕಾಫಿ ಬೆಳೆಯುವ ಕೊಡಗಿನವರಿಗೆ ಇದು ಅನುಕೂಲವೂ ಆಗಬಹುದು. ಆದರೆ ಎರಡು ಎಕರೆಯ ಬೆಳೆಗಾರನೂ ಆ ದಾಖಲೆ ಹೊಂದಿಸಬೇಕು. ಮೂರೂ ಪ್ರಶ್ನೆ ಹಾಕಿ ಇದನ್ನು ನೀವೇ ಬರೆದು ನೋಡಿ.