ಹಣ್ಣಿನ ಚಹಾದಲ್ಲಿ ಹಣ್ಣು ಎಷ್ಟಿದೆ?

ಪೀಚ್ ಚಹಾ ಎಂದು ಬರೆದ ಡಬ್ಬಿಯಿಂದ ಒಂದು ಚಮಚ ಎಲೆ ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಕಪ್ಪು ಎಲೆಗಳ ನಡುವೆ ಒಣಹಣ್ಣಿನ ನಾಲ್ಕೈದು ಚೂರುಗಳು ಸಿಗಬಹುದು, ಅವೂ ಎಷ್ಟೋ ಸಲ ಸೇಬಿನವು. ಡಬ್ಬಿ ತೆರೆದಾಗ ಮೂಗಿಗೆ ಅಡರಿದ ಘಮಕ್ಕೆ ಈ ಚೂರುಗಳ ಕೊಡುಗೆ ತೀರಾ ಕಡಿಮೆ. ಹಣ್ಣನ್ನು ಒಣಗಿಸುವಾಗ ನೀರಿನ ಜೊತೆ ಪರಿಮಳದ ಅಣುಗಳೂ ಹಾರಿಹೋಗುತ್ತವೆ. ಸಕ್ಕರೆ, ಹುಳಿ, ನಾರು ಮಾತ್ರ ಉಳಿಯುತ್ತವೆ. ಹಾಗಾಗಿ ಕಾರ್ಖಾನೆಯಲ್ಲಿ ಸಿದ್ಧವಾದ ಚಹಾವನ್ನು ನಿಧಾನವಾಗಿ ತಿರುಗುವ ದೊಡ್ಡ ಡ್ರಮ್ಮಿಗೆ ಸುರಿದು, ಅದರ ಮೇಲೆ ಪರಿಮಳದ ದ್ರವವನ್ನು ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಒಣಗಿದ ಚಹಾ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಬೇಗ ಹೀರಿಕೊಳ್ಳುತ್ತದೆ. ಈರುಳ್ಳಿ, ಮಸಾಲೆಗಳ ಪಕ್ಕ ಟೀ ಡಬ್ಬಿ ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಇದರಲ್ಲಿ ಮೋಸ ಹುಡುಕಬೇಕಿಲ್ಲ. ಒಂದು ವಿಷಯ ಮನಸ್ಸಿನಲ್ಲಿದ್ದರೆ ಸಾಕು: ಹಣ್ಣು ಚಹಾಕ್ಕೆ ಘಮ, ಹುಳಿ, ಸಿಹಿ ಎಂಬ ಮೂರನ್ನು ಬೇರೆಬೇರೆಯಾಗಿ ಕೊಡುತ್ತದೆ. ಮೂರೂ ಒಂದೇ ಜಾಗದಿಂದ ಬರುವುದಿಲ್ಲ, ಮೂರನ್ನೂ ಒಂದೇ ಹೊತ್ತಿಗೆ ಸೇರಿಸಿದರೆ ಆಗುವುದೂ ಇಲ್ಲ. ಮನೆಯಲ್ಲಿ ಮಾಡಿದ ಹಣ್ಣಿನ ಚಹಾ ಕೆಡುವುದು ಹೆಚ್ಚಾಗಿ ಇಲ್ಲೇ.

ಹಣ್ಣಿನ ಜೊತೆ ಕಪ್ಪು ಚಹಾ ಹೊಂದಿಕೊಳ್ಳುವುದಕ್ಕೆ ಅದರ ಹುಟ್ಟೇ ಕಾರಣ. ಹಸಿರು ಚಹಾ, ಕಪ್ಪು ಚಹಾ ಎರಡೂ ಕೆಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆಗಳು. ಕಪ್ಪು ಚಹಾಕ್ಕಾಗಿ ಎಲೆಯನ್ನು ಬಾಡಿಸಿ, ಹೊಸೆದು, ಜೀವಕೋಶಗಳು ಒಡೆಯುವಂತೆ ಮಾಡುತ್ತಾರೆ. ಆಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕ ಬಳಸಿ ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳನ್ನು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಬಣ್ಣದ ಅಣುಗಳಾಗಿ ಬದಲಿಸುತ್ತದೆ. ಕೆಂಪು ಬಣ್ಣ, ನಾಲಿಗೆ ಹಿಡಿಯುವ ಒಗರು ಇವುಗಳಿಂದ ಬರುತ್ತವೆ. ಇದೇ ಹೊತ್ತಿನಲ್ಲಿ ಲಿನಲೂಲ್, ಜೆರಾನಿಯಾಲ್‌ನಂಥ ಪರಿಮಳದ ಅಣುಗಳೂ ಬಿಡುಗಡೆಯಾಗುತ್ತವೆ. ನಿಂಬೆ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಲಿನಲೂಲ್ ಧಾರಾಳವಾಗಿದೆ, ಲಿಚಿ ಹಣ್ಣಿನ ಘಮದಲ್ಲಿ ಜೆರಾನಿಯಾಲ್ ಇದೆ. ಚಹಾದಲ್ಲಿ ಮೊದಲೇ ಇರುವ ಸ್ವರವನ್ನು ಹಣ್ಣು ಸ್ವಲ್ಪ ಏರಿಸುತ್ತದೆ, ಅಷ್ಟೇ. ಡಾರ್ಜಿಲಿಂಗ್‌ನ ಬೇಸಿಗೆ ಕೊಯ್ಲಿನ ಚಹಾಕ್ಕೆ ಯಾವ ಹಣ್ಣನ್ನೂ ಸೇರಿಸದೆ ದ್ರಾಕ್ಷಿಯ ಘಮ ಬರುತ್ತದೆ. ಸಣ್ಣ ಜಿಗಿಹುಳುಗಳು ರಸ ಹೀರಿದಾಗ ಎಲೆ ತನ್ನ ರಕ್ಷಣೆಗೆಂದು ತಯಾರಿಸುವ ಅಣುಗಳು ಅದರ ಹಿಂದಿವೆ. ಹಣ್ಣಿನ ಚಹಾ ಕುಡಿಯುವವರು ಒಮ್ಮೆಯಾದರೂ ಇದನ್ನು ಹಾಲು ಹಾಕದೆ ಕುಡಿದು ನೋಡಬೇಕು.

ಚಹಾಕ್ಕೆ ಹಣ್ಣು ಹಾಕುವ ರೂಢಿ ಕಪ್ಪು ಚಹಾಕ್ಕಿಂತ ಹಳೆಯದು. 8ನೇ ಶತಮಾನದಲ್ಲಿ ಚಹಾದ ಬಗ್ಗೆ ಗ್ರಂಥ ಬರೆದ ಚೀನಾದ ಲು ಯು, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ, ಒಂದು ಬಗೆಯ ಖರ್ಜೂರದಂಥ ಹಣ್ಣು ಹಾಕಿ ಕುದಿಸುವವರನ್ನು ಕಂಡು ಸಿಡಿಮಿಡಿಗೊಂಡಿದ್ದಾನೆ. ಅದು ಚರಂಡಿಗೆ ಚೆಲ್ಲುವ ನೀರಿಗೆ ಸಮ ಎಂಬುದು ಅವನ ತೀರ್ಪು. ಚಹಾದ ಬಗ್ಗೆ ಬರೆದ ಇನ್ನೊಬ್ಬ ಚೀನೀಯ, 11ನೇ ಶತಮಾನದ ತ್ಸಾಯ್ ಶಿಯಾಂಗ್ ಕೂಡ ಹಣ್ಣು, ಸುಗಂಧದ ಸೊಪ್ಪು ಚಹಾದ ನಿಜವಾದ ಘಮವನ್ನು ಕಸಿಯುತ್ತವೆ ಎಂದ. ಬೇಡ ಎಂದು ಇಷ್ಟು ಒತ್ತಿ ಹೇಳಬೇಕಾಗಿತ್ತೆಂದರೆ ಜನ ಎಷ್ಟು ಇಷ್ಟಪಟ್ಟು ಹಾಕುತ್ತಿದ್ದರೆಂದು ಊಹಿಸಬಹುದು. ಕಪ್ಪು ಚಹಾ ಚೀನಾದ ವುಯಿ ಬೆಟ್ಟಗಳಲ್ಲಿ ರೂಪುಗೊಂಡದ್ದು ಆಮೇಲೆ, 17ನೇ ಶತಮಾನದ ಹೊತ್ತಿಗೆ. ಲಿಚಿ ಬೆಳೆಯುವ ಗ್ವಾಂಗ್‌ಡಾಂಗ್‌ನಲ್ಲಿ ಕಪ್ಪು ಚಹಾಕ್ಕೆ ಆ ಹಣ್ಣಿನ ಘಮ ಸೇರಿತು.

ಯುರೋಪಿನಲ್ಲಿ ಹೆಸರು ಮಾಡಿದ್ದು ಬರ್ಗಮಾಟ್. ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ನಿಂಬೆ ಜಾತಿಯ ಹಣ್ಣು ಇದು. ಇದರ ಎಣ್ಣೆ ಬೆರೆತ ಚಹಾವೇ ಅರ್ಲ್ ಗ್ರೇ, 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇ ಹೆಸರಿನದು. ಅವನಿಗೆ ಚೀನೀಯನೊಬ್ಬ ಉಡುಗೊರೆ ಕೊಟ್ಟ ಎಂಬ ಕಥೆಗೆ ಆಧಾರವಿಲ್ಲ. ಆ ಕಾಲದ ದಾಖಲೆಗಳು ಹೇಳುವುದು ಬೇರೆ: ಕಳಪೆ ಚಹಾದ ಕೊರತೆ ಮುಚ್ಚಲು ವ್ಯಾಪಾರಿಗಳು ಬರ್ಗಮಾಟ್ ಎಣ್ಣೆ ಸೇರಿಸುತ್ತಿದ್ದರು. ಇಂದಿಗೂ ಅಗ್ಗದ ಹಣ್ಣಿನ ಚಹಾ ಕೊಳ್ಳುವಾಗ ಈ ಇತಿಹಾಸ ನೆನಪಿರಲಿ. ತಣ್ಣನೆಯ ಚಹಾ 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ ಹುಟ್ಟಿತು ಎನ್ನುವುದೂ ಅಂಥದೇ ಮಾತು. ಅಲ್ಲಿ ಅದು ಜನಪ್ರಿಯವಾಯಿತು, ನಿಜ. ಆದರೆ ಮಂಜುಗಡ್ಡೆ, ಸಕ್ಕರೆ, ನಿಂಬೆ ಹಾಕಿದ ಚಹಾದ ವಿಧಾನ 1879ರಲ್ಲೇ ಅಮೆರಿಕದ ಅಡುಗೆ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು.

ಈಗ ಮಾಡುವ ಬಗೆ. ಒಂದು ಲೋಟಕ್ಕೆ, ಅಂದರೆ 200 ಮಿಲಿಲೀಟರ್ ನೀರಿಗೆ, 2ರಿಂದ 2.5 ಗ್ರಾಂ ಎಲೆ ಚಹಾ ಸಾಕು. ಕುದಿ ಬಂದ ನೀರನ್ನು ಎಲೆಯ ಮೇಲೆ ಸುರಿದು, ಮುಚ್ಚಿ, 3ರಿಂದ 4 ನಿಮಿಷ ಬಿಟ್ಟು ಸೋಸಬೇಕು. ಮುಚ್ಚಳ ಬಹಳ ಮುಖ್ಯ, ತೆರೆದಿಟ್ಟರೆ ನಾವು ಬೇಕೆಂದು ಸೇರಿಸಿದ ಘಮವೇ ಹಬೆಯ ಜೊತೆ ಹೋಗುತ್ತದೆ. ಒಲೆಯ ಮೇಲೆ ಕುದಿಸುತ್ತಲೇ ಇದ್ದರೂ ಇದೇ ಗತಿ, ಮೇಲಿಂದ ಒಗರು ಬೇರೆ ಏರುತ್ತದೆ.

ಕಿತ್ತಳೆ, ನಿಂಬೆಗಳ ಘಮ ಸಿಪ್ಪೆಯ ಹೊರಮೈಯ ಎಣ್ಣೆ ಗುಳ್ಳೆಗಳಲ್ಲಿದೆ, ಹುಳಿ ರಸದಲ್ಲಿದೆ. ಆದ್ದರಿಂದ ಸಿಪ್ಪೆ ಎಲೆಯ ಜೊತೆಗೇ ಹೋಗಬೇಕು, ರಸ ಸೋಸಿದ ಮೇಲೆ. ಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ಮೇಣ ತೆಗೆದು, ಬಣ್ಣದ ಪದರವನ್ನಷ್ಟೇ ಹೆರೆದ ಬೆರಳುದ್ದದ ಒಂದು ಪಟ್ಟಿ ಒಂದು ಲೋಟಕ್ಕೆ ಸಾಕು. ಒಳಗಿನ ಬಿಳಿ ಪದರ ಬಂದರೆ ಚಹಾ ಕಹಿಯಾಗುತ್ತದೆ. ನಿಂಬೆರಸ ಅರ್ಧ ಚಮಚದಿಂದ ಶುರುಮಾಡಿ. ರಸ ಬೀಳುತ್ತಲೇ ಡಿಕಾಕ್ಷನ್ ತೆಳು ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿಯಲ್ಲಿ ಥಿಯಾರುಬಿಜಿನ್‌ಗಳ ಬಣ್ಣ ತಿಳಿಯಾಗುವುದೇ ಅದಕ್ಕೆ ಕಾರಣ. ಬಣ್ಣ ಹೋಯಿತೆಂದು ಇನ್ನಷ್ಟು ಎಲೆ ಹಾಕಬೇಡಿ, ಕಡುಪು ಅಷ್ಟೇ ಇರುತ್ತದೆ. ಗಡಸು ನೀರಿನ ಚಹಾದ ಮೇಲೆ ಕಟ್ಟುವ ತೆಳು ಪೊರೆಯನ್ನೂ ಈ ಹುಳಿ ತಡೆಯುತ್ತದೆ. ಹಾಲಿನ ಆಸೆ ಇದ್ದರೆ ಮಾತ್ರ ಹುಳಿಯನ್ನು ಬಿಡಬೇಕು. ಹಾಲಿನ ಕೇಸೀನ್ ಪ್ರೋಟೀನು ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ನಿಂಬೆರಸ ಚಹಾವನ್ನು ಅದಕ್ಕಿಂತ ಕೆಳಗೆ ಇಳಿಸಿಬಿಡುವುದರಿಂದ ಹಾಲು ಒಡೆಯುತ್ತದೆ. ಸಿಪ್ಪೆಯ ಘಮ ಮಾತ್ರ ಇರುವ ಚಹಾಕ್ಕೆ ಹಾಲು ಹಾಕಬಹುದು.

ಪೀಚ್, ಸ್ಟ್ರಾಬೆರಿಯಂಥ ಮೆತ್ತನೆ ಹಣ್ಣುಗಳನ್ನು ಚಹಾದಲ್ಲಿ ಕುದಿಸಿದರೆ ಜಾಮಿನ ವಾಸನೆ ಬರುತ್ತದೆ, ಪೆಕ್ಟಿನ್ ಎಂಬ ಅಂಟು ಬಿಟ್ಟುಕೊಂಡು ಚಹಾ ಮಬ್ಬಾಗುತ್ತದೆ. 100 ಗ್ರಾಂ ಹಣ್ಣನ್ನು ಹೆಚ್ಚಿ, 10 ಗ್ರಾಂ ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಡಿ. ಸಕ್ಕರೆ ತಾನೇ ರಸ ಎಳೆಯುತ್ತದೆ. ಆ ರಸವನ್ನು ಸೋಸಿದ ಚಹಾಕ್ಕೆ, ಸುಮಾರು 400 ಮಿಲಿಲೀಟರಿಗೆ, ಸೇರಿಸಿದರೆ ಹಸಿ ಹಣ್ಣಿನ ರುಚಿ ಉಳಿಯುತ್ತದೆ.

ಕಪಾಟಿನಲ್ಲಿಡುವ ಮಿಶ್ರಣಕ್ಕೆ 100 ಗ್ರಾಂ ಎಲೆ ಚಹಾ, 10 ಗ್ರಾಂ ಒಣ ಕಿತ್ತಳೆ ಸಿಪ್ಪೆ, 20 ಗ್ರಾಂ ಒಣ ಸೇಬು ಒಳ್ಳೆಯ ಅಳತೆ. ಪುಡಿ ಚಹಾ ಬೇಡ, ಅದು ತಳ ಸೇರಿ ಒಂದೊಂದು ಚಮಚಕ್ಕೂ ಒಂದೊಂದು ರುಚಿ ಬರುತ್ತದೆ. ಹಣ್ಣು ಬಗ್ಗುವಂತಿರಬಾರದು, ಮುರಿದರೆ ಟಕ್ಕೆನ್ನಬೇಕು. 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳು ಹೋಳುಗಳಿಗೆ ಆರೆಂಟು ಗಂಟೆ ಹಿಡಿಯಬಹುದು. ಅಂಗಡಿಯ ಮೆತ್ತನೆ ಒಣಹಣ್ಣು ಹಾಕಿದರೆ ಅದರ ತೇವ ಎಲೆಗೆ ಹರಿದು ಬೂಷ್ಟು ಹಿಡಿಯುತ್ತದೆ. ಬೆರೆಸಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಬಿಡಿ, ಮೂರು ತಿಂಗಳೊಳಗೆ ಮುಗಿಸಿ. ಸಿಪ್ಪೆಯ ಘಮದ ಅಣುವಾದ ಲಿಮೊನೀನ್ ಗಾಳಿಗೆ ಹಳಸಿದರೆ ಟರ್ಪೆಂಟೈನ್‌ನಂಥ ವಾಸನೆ ಬರುತ್ತದೆ.

ತಣ್ಣನೆಯ ಚಹಾ ಫ್ರಿಜ್ಜಿನಲ್ಲಿ ಕದಡಿದಂತೆ ಕಂಡರೆ ಅದು ಕೆಟ್ಟಿಲ್ಲ. ಕೆಫೀನ್ ಮತ್ತು ಥಿಯಾಫ್ಲೇವಿನ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಬೇರ್ಪಡುತ್ತವೆ, ಸ್ವಲ್ಪ ಬಿಸಿನೀರು ಹಾಕಿದರೆ ತಿಳಿಯಾಗುತ್ತದೆ. ಮೊದಲೇ ತಪ್ಪಿಸಬೇಕೆಂದರೆ ತಣ್ಣೀರಿನಲ್ಲೇ ಎಲೆ ನೆನೆಸಿ: ಒಂದು ಲೀಟರಿಗೆ 10 ಗ್ರಾಂ, ಫ್ರಿಜ್ಜಿನಲ್ಲಿ ಎಂಟು ಗಂಟೆ. ಒಗರೂ ಕಡಿಮೆ. ಬಿಸಿಲಿನಲ್ಲಿಟ್ಟು ನೆನೆಸುವುದು ಬೇಡ, ಆ ಉಗುರುಬೆಚ್ಚನೆ ನೀರು ಬ್ಯಾಕ್ಟೀರಿಯಾಗಳಿಗೆ ಹಿತ.

ಆರೋಗ್ಯದ ಲಾಭಗಳಲ್ಲಿ ಹೆಚ್ಚಿನವು ಎಲೆಯವು. ಬ್ರಿಟನ್ನಿನ ಸುಮಾರು 5 ಲಕ್ಷ ಜನರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಚಹಾ, ಬಹುಪಾಲು ಕಪ್ಪು ಚಹಾ, ಕುಡಿಯುವವರಲ್ಲಿ ಸಾವಿನ ಅಪಾಯ 9ರಿಂದ 13 ಶೇಕಡಾ ಕಡಿಮೆ ಕಂಡಿತು. ಚಹಾವೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡಲಾರದು. ಹಣ್ಣಿನ ಸಿ ಜೀವಸತ್ವದ ಲೆಕ್ಕವಂತೂ ಸಣ್ಣದು, ಒಂದು ಚಮಚ ನಿಂಬೆರಸದಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ. ನಿಜವಾದ ಲಾಭ ಬೇರೆ ಕಡೆ ಇದೆ: ಹಣ್ಣಿನ ಘಮ ಇದ್ದರೆ ಸಕ್ಕರೆ ಕಡಿಮೆ ಸಾಕೆನಿಸುತ್ತದೆ. ಬಾಟಲಿಯ ಹಣ್ಣಿನ ಚಹಾ ಈ ಲಾಭವನ್ನು ಕಸಿಯುತ್ತದೆ, ಅದರ ಲೇಬಲ್ಲಿನಲ್ಲಿ ಸಕ್ಕರೆಯ ಸಾಲನ್ನು ಮೊದಲು ಓದಬೇಕು.

ಚಹಾದ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಬೇಕು. ಒಂದು ಕಪ್ಪಿನಲ್ಲಿ ಸುಮಾರು 40ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ, ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಇನ್ನು ಅತಿಯಾದರೆ ಬರ್ಗಮಾಟ್ ಕೂಡ ಕಾಡುತ್ತದೆ. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾದ ಒಬ್ಬ ರೋಗಿ ದಿನಕ್ಕೆ 4 ಲೀಟರ್‌ವರೆಗೆ ಅರ್ಲ್ ಗ್ರೇ ಕುಡಿದು ಸ್ನಾಯು ಸೆಳೆತದಿಂದ ಬಳಲಿದ್ದ. ವೈದ್ಯರ ಅನುಮಾನ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ರಾಸಾಯನಿಕದ ಮೇಲೆ ಹೋಯಿತು. ಸಾದಾ ಕಪ್ಪು ಚಹಾಕ್ಕೆ ಮರಳಿದ ಮೇಲೆ ಸೆಳೆತ ನಿಂತಿತು.