ಮಹಶೀರ್ ಗಾಳಕ್ಕೆ ತೆಳು ದಾರ ಯಾಕೆ ಬೇಡ

ಹಿಮಾಲಯದ ನದಿಗಳಲ್ಲಿ ಚಿನ್ನದ ಮಹಶೀರ್ ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳಲ್ಲಿ ಒಂದು ಜಂಬ ಉಂಟು: ದಾರ ತೆಳುವಾದಷ್ಟೂ ಗಾಳಗಾರ ನಿಸ್ಸೀಮ. ತೆಳು ದಾರ ತುಂಡಾಗದಂತೆ ಮೀನನ್ನು ಮೆಲ್ಲಗೆ ಎಳೆಯಬೇಕು, ಹಾಗಾಗಿ ಆಟ ಉದ್ದವಾಗುತ್ತದೆ, ನಿಜ. ಅದರ ಸಾಲ ತೀರಿಸುವುದು ಮಾತ್ರ ಮೀನು.

ಮೀನು ಸಿಗುವುದು ಸಂಗಮಗಳಲ್ಲಿ. ಉತ್ತರಾಖಂಡದ ವ್ಯಾಸಘಾಟಿನಲ್ಲಿ ನಯಾರ್ ಹೊಳೆ ಗಂಗೆಯನ್ನು ಸೇರುತ್ತದೆ. ಪಂಚೇಶ್ವರದಲ್ಲಿ ಸರಯೂ ನದಿ ನೇಪಾಳದ ಗಡಿಯ ಮಹಾಕಾಳಿಯನ್ನು. ದೊಡ್ಡ ನದಿಯದು ಹಿಮ ಕರಗಿದ ತಣ್ಣನೆಯ ನೀರು, ಬೇಸಿಗೆಯಲ್ಲಿ ಬೂದು ಬಣ್ಣ. ಉಪನದಿ ತಿಳಿ, ಬೆಚ್ಚಗೆ. ಮಳೆಗಾಲದಲ್ಲಿ ಮಹಶೀರ್ ನಯಾರ್‌ನಂಥ ಹೊಳೆಗಳನ್ನೇರಿ ಉರುಟುಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಆಗ ಗಾಳ ಹಾಕಲೇಬಾರದು. ಹೋಗುವಾಗ, ಬರುವಾಗ ಸಂಗಮದ ಮಡುವಿನಲ್ಲಿ ತಂಗುತ್ತದೆ.

ಗಾಳ ಕಚ್ಚಿದ ಮಹಶೀರ್ ಸೆಳವಿನ ಜೊತೆ ಕೆಳಕ್ಕೆ ನುಗ್ಗುತ್ತದೆ. ಆ ಓಟಕ್ಕೆ ಬೇಕಾದ ಶಕ್ತಿ ಬಿಳಿ ಸ್ನಾಯುಗಳಿಂದ ಬರುತ್ತದೆ. ಅವು ಆಮ್ಲಜನಕಕ್ಕೆ ಕಾಯದೆ ತಮ್ಮಲ್ಲಿ ಕೂಡಿಟ್ಟ ಸಕ್ಕರೆಯನ್ನು (ಗ್ಲೈಕೋಜನ್) ಉರಿಸುತ್ತವೆ. ಅದರ ಉಳಿಕೆಯಾದ ಲ್ಯಾಕ್ಟೇಟ್ ಸೇರುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಅದು ಸರಿಹೋಗಲು ಗಂಟೆಗಳೇ ಹಿಡಿಯುತ್ತವೆ. ನೀರು ಬೆಚ್ಚಗಾದಷ್ಟೂ ಕಷ್ಟ: ಸಮುದ್ರಮಟ್ಟದ ಲೆಕ್ಕದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 25 ಡಿಗ್ರಿಯದು 8.3 ಮಾತ್ರ. ಎತ್ತರದಲ್ಲಿ ಇನ್ನೂ ಕಡಿಮೆ. ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಬಿಸಿ ಏರಿದಂತೆ ಏರುತ್ತದೆ.

ಹಾಗಾಗಿ ಆಟ ಬೇಗ ಮುಗಿಯಬೇಕು. 9–10 ಅಡಿಯ ಕೋಲು, 15–20 ಕಿಲೋ ತಡೆಯುವ ಹೆಣೆದ ದಾರ ಕನಿಷ್ಠ 200 ಮೀಟರ್. ಹೆಣೆದ ದಾರ ಬಂಡೆಗೆ ಉಜ್ಜಿದರೆ ಕತ್ತರಿಸಿದಂತೆ ಹೋಗುತ್ತದೆ, ಅದಕ್ಕೇ ತುದಿಗೆ ಒಂದೂವರೆ ಮೀಟರ್ ದಪ್ಪ ನೈಲಾನ್ ದಾರ, ಅಂದರೆ ಲೀಡರ್. ರೀಲಿನ ಡ್ರ್ಯಾಗ್ ಅನ್ನು, ಅಂದರೆ ದಾರ ಹೊರಗೆ ಓಡುವುದನ್ನು ತಡೆಯುವ ಬಿಗಿಯನ್ನು, ಕೈ ಅಂದಾಜಿಗೆ ಬಿಡದೆ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿ, ದಾರದ ಬಲದ ಕಾಲು ಭಾಗಕ್ಕೆ ಬಿಗಿ ಮಾಡಬೇಕು. ಹೊರಗೆ ಓಡಿದ ದಾರವನ್ನು ಸೆಳವೂ ಎಳೆಯುತ್ತದೆ, ಆ ಭಾರಕ್ಕೂ ಜಾಗ ಬೇಕು. ಮೀನು ಓಡಿದರೆ ನಿಂತಲ್ಲೇ ನಿಲ್ಲದೆ ದಡದುದ್ದಕ್ಕೂ ಹಿಂದೆ ಹೋಗಬೇಕು. ಕೋಲನ್ನು ಮೇಲೆತ್ತುವ ಬದಲು ಪಕ್ಕಕ್ಕೆ ವಾಲಿಸಿ ಎಳೆದರೆ ಮೀನಿನ ತಲೆ ಬೇಗ ತಿರುಗುತ್ತದೆ.

ಮಹಶೀರ್ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಅಲ್ಲಿ ಸಿಕ್ಕಿದ ತೆಳು ತಂತಿಯ ಮೂರು ಕೊಕ್ಕೆಯ ಗಾಳ ಜಜ್ಜಿಹೋಗುತ್ತದೆ, ಬೆರಳಾದರೂ ಅಷ್ಟೇ. ಸ್ಪೂನಿನ (ಮೀನನ್ನು ಸೆಳೆಯುವ ಲೋಹದ ತಗಡಿನ) ಮೂರು ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವುದು ಕ್ಷಣದ ಕೆಲಸ.

ಬಿಡುವಾಗ ಕೈ ಒದ್ದೆ ಇರಲಿ, ಮೀನು ನೀರಲ್ಲೇ ಇರಲಿ, ಫೋಟೊಗೂ. ತಲೆ ಸೆಳವಿಗೆ ಎದುರು. ಹಿಂದೆ ಮುಂದೆ ಆಡಿಸುವ ಅಭ್ಯಾಸ ತಪ್ಪು: ಕಿವಿರಿನ ಮೂಲಕ ನೀರು ಹಾಯಬೇಕಾದದ್ದು ಬಾಯಿಂದ ಹಿಂದಕ್ಕೆ ಮಾತ್ರ. ಪರೀಕ್ಷೆ ಸುಲಭ. ಮೀನನ್ನು ನೀರೊಳಗೇ ಮೆಲ್ಲಗೆ ಮಗುಚಿ; ಮೂರು ಸೆಕೆಂಡಿನಲ್ಲಿ ತಾನೇ ನೇರವಾದರೆ ಬಿಡಬಹುದು. ಆಗದಿದ್ದರೆ ಇನ್ನಷ್ಟು ಹೊತ್ತು ಹಿಡಿದಿರಬೇಕು. ಬಿಡುವುದೂ ಮಡುವಿನ ಅಂಚಿನ ನಿಧಾನದ ನೀರಿಗೆ. ಬಿರುಸಿನ ಹರಿವಿನ ಬಾಯಿಗೆ ಬಿಟ್ಟರೆ ದಣಿದ ಮೀನು ಮೊದಲ ಬಂಡೆಗೇ ಬಡಿಯುತ್ತದೆ.